ಕಾಲಿ (ಕರಿ) ಮೆಹಂದಿ ಹಚ್ಚಿದ ಕೂದಲಿಗೆ ಬ್ಲೀಚ್ ಮಾಡ್ಯಾರ: ಬುಡ ಕೇಸರಿ, ತುದಿ ಕರಿ. ಈಗ ಏನ್ ಮಾಡಬೇಕ್ರಿ?

ತೊಗರಿ_ಹೂ (ಕಲಬುರಗಿ) ಕೇಳಿದ ಪ್ರಶ್ನೆ

ಎಲ್ಲಾರಿಗೂ ನಮಸ್ಕಾರ್ರಿ. ಊರಾಗಿನ ಒಂದು ಪಾರ್ಲರದಾಗ ಕಲರ್ ಮಾಡಿಸಿದ್ದು ಪೂರಾ ಕೆಟ್ಟದ. ಹೆಸರು ಬರಿಯಂಗಿಲ್ಲ, ನನಗ ಬೇಕಾಗಿದ್ದು ಮುಂದಿನ ದಾರಿ. ತಿಳಿದವರು ಹೇಳ್ರಿ.

ಕೂದ್ಲ ಸೊಂಟದ ತನಕ ಅದ. ಬಿಳಿ ಮುಚ್ಚಲಾಕ ಕೆಲವು ವರ್ಷದಿಂದ ಪಾಕೀಟಿನ ಕಾಲಿ ಮೆಹಂದಿ ಹಚ್ಚೋದು ರೂಢಿ. ಕೇಳಿದ್ದು ತಿಳಿ ಕಂದು ಬಣ್ಣ. ಅವರು ಮೆಹಂದಿ ಬಗ್ಗೆ ಏನೂ ಕೇಳಲಿಲ್ಲ. ಬುಡದಿಂದ ತುದಿ ತನಕ ಒಂದೇ ಸಲ ಬ್ಲೀಚ್ ಬಳದು, ಮ್ಯಾಲೆ ಪ್ಲಾಸ್ಟಿಕ್ ಹೊಚ್ಚಿ, ಡ್ರೈಯರ್ ಗಾಳಿ ಬಿಟ್ಟರು. ತೊಳದ ಮ್ಯಾಲೆ ಬ್ರೌನ್ ಕಲರ್ ಹಚ್ಚಿದರು. ಆ ಬ್ರೌನ್ ಮನ್ಯಾಗ ತೊಳಕೊಂಡಂಗ ಇಳದು ಹೋಯ್ತು. ಈಗ ಬುಡದ ಎರಡು ಇಂಚು ಕಡಕ್ ಕೇಸರಿ, ನಡುವ ಇಟ್ಟಂಗಿ ಕೆಂಪು, ತುದಿ ಮೊದಲಿನಂಗೇ ಕರಿ. ಹಸಿ ಕೂದ್ಲ ಜಗ್ಗಿದ್ರ ಉದ್ದಕ ಬರ್ತದ, ವಾಪಸ್ ಹೋಗಲ್ಲ, ಪಟಕ್ ಅಂತ ಹರೀತದ. ನೆತ್ತಿ ಮ್ಯಾಲೆ ಎರಡು ಕಡಿ ಗುಳ್ಳಿ ಬಂದಂಗಾಗಿ ಉರೀಲತ್ತದ.

ಈಗ ಅವರು ಏನಂತಾರ ಅಂದ್ರ, "ಮತ್ತೊಂದು ಸಲ ಬ್ಲೀಚ್ ಮಾಡಿ ತುದಿ ಸಮ ಮಾಡ್ತೀವಿ, ಮ್ಯಾಲೆ ಕೆರಾಟಿನ್ ಪುಕ್ಕಟೆ ಮಾಡಿ ಕೊಡ್ತೀವಿ, ಕೂದ್ಲ ರೇಷ್ಮಿ ಆಗ್ತದ." ಮನ್ಯಾಗ ಲಗ್ನ ಹತ್ತಿರ ಬಂದದ. ಹೋಗಬೇಕೋ ಬ್ಯಾಡೋ? ನಮ್ಮನಿ ಬೋರ್‌ವೆಲ್ ನೀರು ಸವಳು ಅದ, ಅದರಿಂದನೂ ಹಿಂಗ ಆಗ್ತದೇನು? ಕೊಟ್ಟ ರೊಕ್ಕ ವಾಪಸ್ ಕೇಳಲಾಕ ಬರ್ತದೇನು? ಬಿಲ್ ಕೊಟ್ಟಿಲ್ಲ, ಫೋನ್‌ಪೇದಾಗ ಕಳಿಸಿದ್ದು ಅದ.

ಮಾಂಜ್ರಾ_ದಂಡೆ (ಬೀದರ್)

ತಂಗಿ, ಮೊದಲಿಗೆ ಒಂದೇ ಮಾತು: ಎರಡನೇ ಬ್ಲೀಚೂ ಬೇಡ, ಕೆರಾಟಿನ್ನೂ ಬೇಡ. ನೆತ್ತಿಯ ಗುಳ್ಳೆ ಪೂರ್ತಿ ಒಣಗಿ ಚರ್ಮ ಮೊದಲಿನಂತೆ ಆಗುವವರೆಗೆ ಅಲ್ಲಿ ಯಾವ ರಾಸಾಯನಿಕವೂ ಬೀಳಬಾರದು. ಅದು ಬ್ಲೀಚಿನಿಂದ ಆದ ಸುಟ್ಟ ಗಾಯ. ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಾಗಲಿ ನಿಮ್ಮ ಹತ್ತಿರದ ಚರ್ಮದ ಡಾಕ್ಟರ್ ಹತ್ತಿರವಾಗಲಿ ತೋರಿಸಿ, ಚೀಟಿ ಜೋಪಾನ ಇಟ್ಟುಕೊಳ್ಳಿ. ಕೀವು ಬಂದರೆ, ಜ್ವರ ಬಂದರೆ ತಡ ಮಾಡಬೇಡಿ.

ಯಾಕೆ ಹೀಗಾಯಿತು ಅಂತ ತಿಳಿದರೆ ಮುಂದೆ ಯಾರಾದರೂ ಸರಿ ಮಾಡುವಾಗ ನೀವೇ ನಿಂತು ನೋಡಬಹುದು, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಬಣ್ಣದ ಕೆಲಸದಲ್ಲಿ ಕೂದಲಿನ ಕಪ್ಪನ್ನು 1ರಿಂದ 10ರವರೆಗೆ ಲೆವೆಲ್ ಅಂತ ಎಣಿಸುತ್ತೇವೆ. 1 ಅಂದರೆ ಕಡು ಕಪ್ಪು, 10 ಅಂದರೆ ತೀರ ತಿಳಿ ಹಳದಿ. ನಮ್ಮ ಕಡೆಯವರ ಕೂದಲು ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ. ಕಪ್ಪನ್ನು ತೆಗೆಯುತ್ತ ಹೋದಂತೆ ಒಳಗಿನ ಬಣ್ಣ ಈ ಕ್ರಮದಲ್ಲೇ ಕಾಣುತ್ತದೆ: ಕೆಂಪು, ಕೇಸರಿಗೆಂಪು, ಕೇಸರಿ, ಹಳದಿಗೇಸರಿ, ಹಳದಿ. ನಿಮ್ಮ ಬುಡ ಕೇಸರಿಗೆ ಬಂದು ನಿಂತಿದೆ ಅಂದರೆ ಲೆವೆಲ್ 6ರ ಆಸುಪಾಸು. ಬುಡದ ಕೂದಲು ಹೊಸದು, ಮೆಹಂದಿ ಕಡಿಮೆ ಕುಡಿದಿದೆ, ಜೊತೆಗೆ ನೆತ್ತಿಯ ಮೈಕಾವು ಬ್ಲೀಚಿಗೆ ಸಿಗುತ್ತದೆ. ಅದಕ್ಕೇ ಬುಡ ಎಲ್ಲಕ್ಕಿಂತ ಬೇಗ ಬಿಳಚುತ್ತದೆ. ತಿಳಿದವರು ಬುಡದಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು ನಡುಭಾಗಕ್ಕೆ ಮೊದಲು ಹಚ್ಚುತ್ತಾರೆ. ಅದು ಅರ್ಧ ದಾರಿಗೆ ಬಂದ ಮೇಲೆ ಬುಡಕ್ಕೆ ಹೊಸದಾಗಿ ಕಲಸಿ ಹಚ್ಚುತ್ತಾರೆ. ನಿಮ್ಮಲ್ಲಿ ಬುಡದಿಂದಲೇ ಶುರು ಮಾಡಿದ್ದಾರೆ, ಮೇಲೆ ಪ್ಲಾಸ್ಟಿಕ್, ಡ್ರೈಯರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಎ.ಸಿ. ಇಲ್ಲದ ಕೋಣೆಯಲ್ಲಿ ಬ್ಲೀಚು ತಾನಾಗಿಯೇ ಜೋರು ಕೆಲಸ ಮಾಡುತ್ತದೆ. ಅದಕ್ಕೆ ಶಾಖ ಕೊಡುವ ಅಗತ್ಯವೇ ಇಲ್ಲ.

ಡೆವಲಪರ್ (ಬ್ಲೀಚ್ ಪುಡಿಗೆ ಕಲಸುವ ಪೆರಾಕ್ಸೈಡ್ ದ್ರವ) ಯಾವುದು ಹಾಕಿದರು ಅಂತ ಕೇಳಿ ಬರೆದಿಟ್ಟುಕೊಳ್ಳಿ. 10 ವಾಲ್ಯೂಮ್ ಅಂದರೆ 3% ಪೆರಾಕ್ಸೈಡ್, 20 ಅಂದರೆ 6%, 30 ಅಂದರೆ 9%, 40 ಅಂದರೆ 12%. ನೆತ್ತಿಗೆ ತಾಗುವ ಬ್ಲೀಚಿಗೆ 20ಕ್ಕಿಂತ ಮೇಲೆ ಹೋಗಬಾರದು. 40 ಅಂತೂ ಚರ್ಮದ ಹತ್ತಿರ ಸುಳಿಯಲೇಬಾರದು. ಪುಡಿ ಒಂದು ಪಾಲಿಗೆ ಡೆವಲಪರ್ ಎರಡು ಪಾಲು ಸಾಮಾನ್ಯ ಅಳತೆ. ಅಳೆಯದೆ ಕಣ್ಣಂದಾಜಿನಲ್ಲಿ ಕಲಸಿದರೆ ಒಂದು ಬಟ್ಟಲು ಗಟ್ಟಿ, ಇನ್ನೊಂದು ತೆಳು ಆಗಿ ಕಲೆ ಕಲೆ ಏಳುತ್ತದೆ. ಹಚ್ಚಿದ ಮೇಲೆ ಐದು ಹತ್ತು ನಿಮಿಷಕ್ಕೊಮ್ಮೆ ಒಂದು ಎಳೆ ಒರೆಸಿ ನೋಡಲೇಬೇಕು.

ಇನ್ನು ಕಾಲಿ ಮೆಹಂದಿ. ಬರೀ ಗಿಡದ ಮೆಹಂದಿ ಕೂದಲನ್ನು ಕಪ್ಪು ಮಾಡುವುದಿಲ್ಲ, ಕೆಂಪೇ ಮಾಡುತ್ತದೆ. ಅದರಲ್ಲಿನ ಲಾಸೋನ್ ಎಂಬ ಬಣ್ಣ ಕೂದಲಿನ ಪ್ರೋಟೀನಿಗೆ ಕಚ್ಚಿಕೊಂಡು ಕೂರುತ್ತದೆ. ಒಂದೇ ಸಲಕ್ಕೆ ಕಪ್ಪು ಬಂತು ಅಂದರೆ ಪಾಕೀಟಿನಲ್ಲಿ ಸಾಮಾನ್ಯವಾಗಿ ಪಿ.ಪಿ.ಡಿ. ಎಂಬ ಡೈ ಇರುತ್ತದೆ, ಕೆಲವದರಲ್ಲಿ ಲೋಹದ ಲವಣವೂ ಇರಬಹುದು. ತಿಂಗಳು ತಿಂಗಳು ಹಚ್ಚಿದಂತೆ ತುದಿಯಲ್ಲಿ ಪದರದ ಮೇಲೆ ಪದರ ಕೂತಿದೆ. ನಿಮ್ಮ ತುದಿ ಅಲುಗಾಡದಿರುವುದು ಅದಕ್ಕೇ. ಅದನ್ನು ಬುಡದ ಸಮಕ್ಕೆ ತರಬೇಕೆಂದು ಇನ್ನೊಮ್ಮೆ ಬ್ಲೀಚ್ ಮಾಡಿದರೆ ಕಪ್ಪಿಗಿಂತ ಮೊದಲು ಕೂದಲೇ ಹೋಗುತ್ತದೆ.

ಲೋಹದ ಲವಣ ಇದೆಯೇ ಅಂತ ನೋಡಲು ಹಳೆಯ ಪರೀಕ್ಷೆ ಒಂದಿದೆ, ಪಾರ್ಲರಿನವರೇ ಮಾಡಬೇಕಾದದ್ದು. ಗಾಜಿನ ಬಟ್ಟಲಿನಲ್ಲಿ 30 ಮಿ.ಲೀ. 20 ವಾಲ್ಯೂಮ್ ಪೆರಾಕ್ಸೈಡ್, ಅದಕ್ಕೆ 28% ಅಮೋನಿಯಾ 20 ಹನಿ. ಬಾಚಣಿಗೆಗೆ ಬಂದ ಇಪ್ಪತ್ತು ಎಳೆಗಳನ್ನು ದಾರದಲ್ಲಿ ಕಟ್ಟಿ ಅದರಲ್ಲಿ 30 ನಿಮಿಷ ಮುಳುಗಿಸಿಡುವುದು. ದ್ರಾವಣ ಬಿಸಿಯಾಗಿ ಕುದಿಯತೊಡಗಿದರೆ, ಕೆಟ್ಟ ವಾಸನೆ ಬಂದರೆ, ಎಳೆ ಮೆತ್ತಗಾಗಿ ಪುಡಿಯಾದರೆ ಆ ಕೂದಲಿಗೆ ಪೆರಾಕ್ಸೈಡ್ ಇರುವ ಯಾವುದೂ ಹಚ್ಚುವಂತಿಲ್ಲ. ಎಳೆ ಕ್ಷಣದಲ್ಲೇ ಬಿಳಚಿದರೂ ಅನುಮಾನವೇ. ಏನೂ ಆಗಲಿಲ್ಲವೆಂದು ಧೈರ್ಯ ಮಾಡಬೇಡಿ, ಕೆಲವು ಲವಣ ಸುಮ್ಮನಿರುತ್ತವೆ. ಅದಕ್ಕೆ ಈ ಪರೀಕ್ಷೆಯ ನಂತರವೂ ಹಚ್ಚಬೇಕಾದ ಬಣ್ಣವನ್ನೇ ಒಂದು ಸಣ್ಣ ಎಳೆಗೆ ಹಚ್ಚಿ ನೋಡುವುದು ರೂಢಿ. ಗಟ್ಟಿ ಅಮೋನಿಯಾ ಕಣ್ಣಿಗೆ, ಉಸಿರಿಗೆ ಅಪಾಯ, ಮನೆಯಲ್ಲಿ ಮಾಡಲು ಹೋಗಬೇಡಿ.

ಎಳೆ ಜಗ್ಗುವ ವಿಷಯ. ಗಟ್ಟಿ ಕೂದಲನ್ನು ಒದ್ದೆ ಮಾಡಿ ಎರಡು ಬೆರಳ ನಡುವೆ 10 ಸೆಂ.ಮೀ. ಹಿಡಿದು ಮೆಲ್ಲಗೆ ಎಳೆದರೆ ಸುಮಾರು 13ಕ್ಕೆ ಹೋಗಿ, ಬಿಟ್ಟಾಗ ವಾಪಸ್ ಬರುತ್ತದೆ. ಜಗ್ಗಿದ್ದು ಜಗ್ಗಿದಂತೆಯೇ ಉಳಿದರೆ ಕೂದಲಿಗೆ ಬಲ ಕೊಡುವ ಒಳಗಿನ ಗಂಧಕದ ಕೊಂಡಿಗಳು ಬಹಳಷ್ಟು ಕಡಿದಿವೆ ಎಂದೇ ಅರ್ಥ. ನಿಮ್ಮದು ಆ ಹಂತದಲ್ಲಿದೆ. ಸತ್ತ ಎಳೆ ತಾನೇ ವಾಸಿಯಾಗುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದು, ಕೆಟ್ಟದ್ದನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋಗುವುದು, ಇಷ್ಟೇ ದಾರಿ. ತಿಂಗಳಿಗೆ ಅರ್ಧ ಇಂಚಿನಷ್ಟು ಬೆಳೆಯುತ್ತದೆ, ಆ ಲೆಕ್ಕದಲ್ಲಿ ನೋಡಿಕೊಳ್ಳಿ.

ಬಣ್ಣ ಸಮ ಮಾಡುವುದನ್ನು ಇನ್ನೊಂದು ಉತ್ತರದಲ್ಲಿ ಬರೆಯುತ್ತೇನೆ, ಉದ್ದವಾಯಿತು.

ಕೋಟೆ_ಅಗಸಿ (ಕಲಬುರಗಿ)

ಅಷ್ಟ್ಯಾಕ ಚಿಂತಿ ಮಾಡ್ತೀರಿ? ಲಗ್ನ ಹತ್ತಿರ ಅದ ಅಂತೀರಿ. ಅಂಗಡ್ಯಾಗ ಸಿಗೋ ನ್ಯಾಚುರಲ್ ಬ್ಲ್ಯಾಕ್ ಪಾಕೀಟ್ ಎರಡು ತಂದು ಪೂರಾ ತಲಿಗೆ ಹಚ್ರಿ, ಅರ್ಧ ತಾಸಿನಾಗ ಎಲ್ಲಾ ಕರಿ ಆಗ್ತದ. ಬ್ಲೀಚ್ ತಪ್ಪು ಅಂಬೋದು ಖರೆ, ಆದರ ಕರಿ ಮಾಡಲಾಕ ಏನ್ ತ್ರಾಸ?

ಮಾಂಜ್ರಾ_ದಂಡೆ (ಬೀದರ್)

ಅಣ್ಣಾ, ನೆತ್ತಿ ಹಸಿಗಾಯ ಇರುವಾಗ ಪಾಕೀಟಿನ ಕಪ್ಪು ಹಚ್ಚುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಅದರಲ್ಲೂ ಪಿ.ಪಿ.ಡಿ.ಯೇ ಇರುವುದು. ಒಡೆದ ಚರ್ಮದ ಮೇಲೆ ಬಿದ್ದರೆ ಮೊದಲು ಇಲ್ಲದ ಅಲರ್ಜಿಯೂ ಹುಟ್ಟಿಕೊಳ್ಳಬಹುದು, ಒಮ್ಮೆ ಹುಟ್ಟಿದರೆ ಜೀವಮಾನ ಬಿಡುವುದಿಲ್ಲ. ಕಿವಿಯ ಹಿಂದೆ, ಕಣ್ಣಿನ ರೆಪ್ಪೆ ಊದಿಕೊಂಡು ಬರುವುದು ಅದರ ಗುರುತು. ವರ್ಷಗಟ್ಟಲೆ ಹಚ್ಚಿದವರಿಗೂ ಒಂದು ದಿನ ಇದ್ದಕ್ಕಿದ್ದಂತೆ ಆಗಬಹುದು. ಪ್ರತಿ ಸಲ 48 ಗಂಟೆ ಮುಂಚೆ ಮೊಣಕೈ ಒಳಗಡೆ ಒಂದು ಬಿಂದು ಹಚ್ಚಿ ನೋಡಬೇಕು ಅನ್ನುವುದು ಅದಕ್ಕೇ. ಮುಖ ಊದಿ ಉಸಿರು ಕಟ್ಟಿದರೆ ಮಾತ್ರೆ ಹುಡುಕುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಕಾರಣ ಬಣ್ಣದ್ದೇ. ಬ್ಲೀಚ್ ಆದ ಬುಡ ತೂತು ತೂತಾಗಿರುತ್ತದೆ, ಬಣ್ಣ ಬೇಗ ಕುಡಿದು ಬೇಗ ಬಿಡುತ್ತದೆ. ತುದಿಯಲ್ಲಿ ಆಗಲೇ ಕಪ್ಪು ತುಂಬಿದೆ. ಒಂದೇ ಕಪ್ಪು ಎರಡಕ್ಕೂ ಹಚ್ಚಿದರೆ ಮೊದಲ ದಿನ ಚೆಂದ ಕಾಣುತ್ತದೆ, ಕೆಲವು ಸಲ ತೊಳೆದ ಮೇಲೆ ಬುಡ ಮತ್ತೆ ಕೆಂಪು, ತುದಿ ಮಸಿ. ಅದಲ್ಲದೆ ಆ ಕಪ್ಪನ್ನು ಮುಂದೆ ತೆಗೆಯುವುದು ಮೆಹಂದಿ ತೆಗೆದಷ್ಟೇ ಕಷ್ಟ.

ತಂಗಿ, ನಿಮಗೆ ಹೊಂದುವುದು ತಿಳಿ ಕಂದು ಅಲ್ಲ. ಆ ಆಸೆ ಈಗ ಬಿಡಿ. ಬುಡವನ್ನು ಕೆಳಗಿಳಿಸಿ ನಡುಭಾಗಕ್ಕೆ ಹೊಂದಿಸಿ, ಒಟ್ಟಾರೆ ಕಡು ಕಂದು ಮಾಡುವುದೇ ಸರಿಯಾದ ಗುರಿ. ಚರ್ಮ ವಾಸಿಯಾದ ಮೇಲೆ, ಅಲರ್ಜಿ ಪರೀಕ್ಷೆ ಮತ್ತು ಎಳೆಯ ಪರೀಕ್ಷೆ ಎರಡೂ ಆದ ಮೇಲೆ ಮಾಡಿಸಿ. ಡೆಮಿ ಪರ್ಮನೆಂಟ್ ಅನ್ನುವ ಬಣ್ಣ ಬರುತ್ತದೆ, ಅಮೋನಿಯಾ ಇಲ್ಲದ್ದು ಅಥವಾ ತೀರ ಕಡಿಮೆ ಇರುವುದು, ಅದರ ಡೆವಲಪರ್ ಸಾಮಾನ್ಯವಾಗಿ ಕಡಿಮೆ ಬಲದ್ದು. ಅದು ಕೂದಲನ್ನು ತಿಳಿ ಮಾಡುವುದಿಲ್ಲ, ಬಣ್ಣ ತುಂಬುತ್ತದೆ ಅಷ್ಟೇ. ಕೇಸರಿಯನ್ನು ಅಡಗಿಸುವ ಎದುರು ಬಣ್ಣ ನೀಲಿ, ಹಳದಿಗೆ ಎದುರು ನೇರಳೆ. ಬುಡ ಕೇಸರಿ ಇರುವುದರಿಂದ ನೀಲಿ ಆಧಾರದ ಆ್ಯಶ್ (ಬೂದು ಛಾಯೆ) ಬೇಕು. ಟ್ಯೂಬಿನ ಮೇಲೆ 5.0, 5.1 ಅಂತ ಇರುತ್ತದಲ್ಲ, ಮೊದಲ ಅಂಕಿ ಲೆವೆಲ್, ಚುಕ್ಕೆಯ ನಂತರದ್ದು ಛಾಯೆ. ಬಹಳ ಕಂಪನಿಗಳಲ್ಲಿ .1 ಅಂದರೆ ಆ್ಯಶ್, ಆದರೆ ಅದು ನೀಲಿಯೋ ಹಸಿರೋ ಅನ್ನುವುದು ಕಂಪನಿಗೊಂದು ರೀತಿ, ಅವರ ಬಣ್ಣದ ಪಟ್ಟಿ ತೆಗೆಸಿ ನೋಡಿ. ಬುಡಕ್ಕೆ ಲೆವೆಲ್ 4ರ ನ್ಯಾಚುರಲ್ (ಬೇರೆ ಛಾಯೆ ಇಲ್ಲದ ಸಹಜ ಬಣ್ಣ) ಎರಡು ಪಾಲು, ಅದೇ ಲೆವೆಲ್ಲಿನ ಆ್ಯಶ್ ಒಂದು ಪಾಲು ಹಾಕಿ ಒಂದು ಎಳೆಯ ಮೇಲೆ ನೋಡುವುದರಿಂದ ಶುರು ಮಾಡಬಹುದು. ಬರೀ ಆ್ಯಶ್ ಹಚ್ಚಿದರೆ ತೂತಾದ ಕೂದಲು ಅದನ್ನು ಹೀರಿಕೊಂಡು ಬೂದುಹಸಿರು ಕೆಸರಿನಂತಾಗುತ್ತದೆ. ನ್ಯಾಚುರಲ್ ಬೆರೆಸುವುದು ಅದನ್ನು ತಡೆಯಲಿಕ್ಕೆ. ನಡುಭಾಗದ ಇಟ್ಟಿಗೆ ಕೆಂಪಿಗೆ ಅದೇ ಮಿಶ್ರಣವನ್ನು ಕೊನೆಯ ಐದು ಹತ್ತು ನಿಮಿಷ ಎಳೆದು ತಂದರೆ ಸಾಕು. ತುದಿಗೆ ಏನೂ ಹಚ್ಚಬೇಡಿ, ಅದು ಆಗಲೇ ಕಪ್ಪಿದೆ. ಮೂರು ನಾಲ್ಕು ಇಂಚು ಕತ್ತರಿಸಲು ಮನಸ್ಸು ಮಾಡಿದರೆ ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ.

ಈ ಬಣ್ಣವೂ ಇಳಿಯುತ್ತದೆ. ತಿಂಗಳು ಒಂದೂವರೆ ತಿಂಗಳಿಗೆ ಮತ್ತೊಮ್ಮೆ ಬುಡಕ್ಕೆ ಹಚ್ಚಬೇಕಾಗುತ್ತದೆ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಸರಿ ಮಾಡಿಸುವವರು ಬಹಳ ಇದ್ದಾರೆ. ಎಲ್ಲಿಗೇ ಹೋಗಿ, ಮೆಹಂದಿ ಪಾಕೀಟಿನ ಫೋಟೊ, ಬ್ಲೀಚಿನ ಹೆಸರು, ಡೆವಲಪರ್ ನಂಬರು, ಆಮೇಲೆ ಹಚ್ಚಿದ ಟ್ಯೂಬಿನ ನಂಬರು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಿ. "ಏನೇನು ಹಚ್ಚಿದ್ದೀರಿ" ಅಂತ ಅವರು ಕೇಳದಿದ್ದರೆ ಆ ಕುರ್ಚಿಯಲ್ಲಿ ಕೂರಬೇಡಿ.

ಭೀಮಾ_ತೀರ (ಯಾದಗಿರಿ)

ಕೆರಾಟಿನ್ ಬಗ್ಗೆ ನಾ ಹೇಳ್ತೀನಿ, ಯಾಕಂದ್ರ ಇದರಾಗೇ ಜನ ಹೆಚ್ಚು ಮೋಸ ಹೋಗೋದು. ಬೋರ್ಡಿನ ಮ್ಯಾಲೆ ಸ್ಮೂದನಿಂಗ್, ಕೆರಾಟಿನ್, ಬೊಟಾಕ್ಸ್, ನ್ಯಾನೊಪ್ಲಾಸ್ಟಿ ಅಂತ ನಾಕು ಹೆಸರು, ನಾಕು ರೇಟು ಇರ್ತಾವ. ಒಳಗ ನಡಿಯೋ ಕೆಲಸ ಮುಖ್ಯವಾಗಿ ಎರಡೇ ಜಾತಿ.

ಸ್ಟ್ರೇಟನಿಂಗ್, ಸ್ಮೂದನಿಂಗ್ ಅಂಬೋದ್ರಾಗ ಥಯೋಗ್ಲೈಕೋಲೇಟ್ ಕ್ರೀಮ್ ಹಚ್ಚಿ ಕೂದಲಿನ ಗಂಧಕದ ಕೊಂಡಿ ಬಿಚ್ತಾರ, ತೊಳದು ಒಣಗಿಸಿ ಐರನ್ ಮಾಡಿ, ಆಮ್ಯಾಲ ನ್ಯೂಟ್ರಲೈಸರ್ ಹಚ್ಚಿ ಕೊಂಡಿ ಮತ್ತ ಕೂಡಿಸ್ತಾರ. ಬ್ಲೀಚ್ ಈಗಾಗಲೇ ಆ ಕೊಂಡಿನೇ ಕಡದದ. ಉಳದದ್ದನ್ನೂ ಬಿಚ್ಚಿದ್ರ ಕೂಡಿಸಲಾಕ ಏನೂ ಇರಂಗಿಲ್ಲ, ಬೇಸಿನ್ ಒಳಗೇ ಕೂದ್ಲ ಬಿಟ್ಟು ಬರ್ತದ. ಹಳೇ ಸ್ಟ್ರೇಟನಿಂಗ್ ಮ್ಯಾಲೆ ಮತ್ತ ಪೂರಾ ಉದ್ದಕ ಕ್ರೀಮ್ ಹಚ್ಚೋದೂ ಇಷ್ಟೇ ಕೆಟ್ಟದ್ದು, ಹೊಸದಾಗಿ ಬೆಳದ ಬುಡಕ್ಕ ಅಷ್ಟೇ ಹಚ್ಚಬೇಕು. ಸೋಡಿಯಂ ಹೈಡ್ರಾಕ್ಸೈಡ್ ಇರೋ ರಿಲ್ಯಾಕ್ಸರ್ (ಗುಂಗುರು ನೆಟ್ಟಗ ಮಾಡೋ ಕ್ರೀಮು) ಆದ ಕೂದಲಿಗಂತೂ ಥಯೋ ಕ್ರೀಮ್ ಯಾವತ್ತೂ ಹಚ್ಚಂಗಿಲ್ಲ, ಎರಡೂ ಒಂದಕ್ಕೊಂದು ಆಗಿಬರಂಗಿಲ್ಲ.

ಕೆರಾಟಿನ್ ಅಂತ ಮಾಡೋದ್ರಾಗ ಫಾರ್ಮಾಲ್ಡಿಹೈಡ್ ಬಿಡೋ ದ್ರಾವಣ ಇಲ್ಲಾ ಗ್ಲೈಆಕ್ಸಿಲಿಕ್ ಆಮ್ಲ ಇರ್ತದ. ಹಚ್ಚಿ ಒಣಗಿಸಿ 200 ಡಿಗ್ರಿ ಮ್ಯಾಲಿನ ಐರನ್ನಿನಿಂದ ಒಂದೊಂದು ಎಳೀನೂ ಹಲವು ಸಲ ಎಳೀತಾರ. ಆಗ ಏಳೋ ಹೊಗಿ ಕಣ್ಣಿಗೆ ಉರಿ ಬರಸ್ತದ, ಗಂಟಲ ಕಟ್ಟಸ್ತದ. ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರೋದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಾಗೇ ಹೇಳ್ಯದ. "ಫಾರ್ಮಾಲಿನ್ ಇಲ್ಲ" ಅಂತ ಬರದ ಬಾಟಲಿ ಸುರಕ್ಷಿತ ಅಂತ ತಿಳೀಬ್ಯಾಡ್ರಿ. ಗ್ಲೈಆಕ್ಸಿಲಿಕ್ ಆಮ್ಲದ ಕ್ರೀಮ್ ಹಚ್ಚಿಸಿಕೊಂಡ ಮ್ಯಾಲೆ ಕಿಡ್ನಿಗೆ ಪೆಟ್ಟು ಬಿದ್ದ ಪ್ರಕರಣ 2024ರಾಗ ವೈದ್ಯಕೀಯ ಪತ್ರಿಕೆಯಾಗ ಬಂದದ. ಅದು ನೆತ್ತಿ ಚರ್ಮದಿಂದ ಒಳಗ ಹೋಗ್ತದ ಅಂತ ಅನುಮಾನ. ನಿಮ್ಮ ನೆತ್ತಿ ಈಗ ಹಸಿ ಅದ, ವಿಚಾರ ಮಾಡ್ರಿ. ಎ.ಸಿ. ಸಲುವಾಗಿ ಬಾಗಿಲು ಹಾಕಿದ ಸಣ್ಣ ಅಂಗಡ್ಯಾಗ ಆ ಹೊಗಿ ಅಲ್ಲಿ ಕೆಲಸ ಮಾಡೋ ಹುಡುಗೀರು ದಿನಾ ಕುಡೀತಾರ, ಅದನ್ನ ನೆನಸಿದ್ರ ಹೊಟ್ಟಿ ಉರೀತದ. ಕಿಟಕಿ, ಹೊಗಿ ಎಳಿಯೋ ಫ್ಯಾನು ಇಲ್ಲದಲ್ಲಿ ಈ ಕೆಲಸ ಮಾಡಲೇಬಾರದು.

ಇನ್ನ ಆ ಹೊಳಪು. ಕೆರಾಟಿನ್ ಮುಗದ ದಿನ ರೇಷ್ಮಿಯಂಗ ಕಾಣೋದು ಮ್ಯಾಲೆ ಬಳದ ಪದರ. ಒಳಗ ಕಡದ ಎಳಿ ಹಂಗೇ ಇರ್ತದ. ಬ್ಲೀಚ್ ಆದ ಕೂದಲಿಗೆ 180 ಡಿಗ್ರಿನೇ ಹೆಚ್ಚು, 200 ದಾಟಿದ್ರ ಸುಡ್ತದ. ಅದಲ್ಲದ ಆಮ್ಲ ಮತ್ತ ಶಾಖ ಸೇರಿ ಹಚ್ಚಿದ ಬಣ್ಣನ್ನ ಇನ್ನೂ ತಿಳಿ ಮಾಡ್ತಾವ. ಬುಡ ಕೇಸರಿ ಇದ್ದದ್ದು ಹಳದಿಗೇಸರಿ ಆಗ್ತದ. ಪುಕ್ಕಟೆ ಕೊಟ್ಟರೂ ಬ್ಯಾಡ.

ಹಂಗಾದ್ರ ಮಾಡಬೇಕಾದ್ದು ಏನು ಅಂದ್ರ, ಐರನ್ನು, ಬಿಸಿ ಡ್ರೈಯರ್ ಪೂರಾ ಬಂದ್. ತೊಳಿಯೋ ಮೊದಲು ಒಂದೆರಡು ತಾಸು ಕೊಬ್ಬರಿ ಎಣ್ಣಿ ಉದ್ದಕ್ಕ ಹಚ್ರಿ, ಗಾಯದ ಮ್ಯಾಲೆ ಬ್ಯಾಡ. ಕೊಬ್ಬರಿ ಎಣ್ಣಿ ಎಳಿ ಒಳಗ ಇಳದು ತೊಳಿಯಾಗ ಪ್ರೋಟೀನ್ ಹೋಗೋದನ್ನ ಕಡಿಮಿ ಮಾಡ್ತದ, ಇದು ಪ್ರಯೋಗದಾಗ ಕಂಡ ಮಾತು. ತೊಳದ ಮ್ಯಾಲೆ ಕಂಡೀಷನರ್ ಧಾರಾಳ ಹಚ್ರಿ. ಟವೆಲ್‌ನಿಂದ ತಿಕ್ಕಬ್ಯಾಡ್ರಿ, ಹಳೇ ಹತ್ತಿ ಅರಿವಿಲೆ ಒತ್ತಿ ತಗೀರಿ. ಅಗಲ ಹಲ್ಲಿನ ಬಾಚಣಿಗಿ, ಅದೂ ತುದಿಯಿಂದ ಶುರು ಮಾಡಿ ಮ್ಯಾಲಕ್ಕ ಬರಬೇಕು. ಬಾಂಡ್ ಬಿಲ್ಡರ್ (ಕಡದ ಕೊಂಡಿ ಗಟ್ಟಿ ಮಾಡ್ತದ ಅಂತ ಮಾರೋದು) ಅಂತ ಬರೋದು ಖರೆ ಸ್ವಲ್ಪ ಆಧಾರ ಕೊಡ್ತದ, ಆದರ ಹರಿಯೋ ಎಳೀನ ಮೊದಲಿನಂಗ ಮಾಡೋ ಮದ್ದು ಅದಲ್ಲ.

ತೊಗರಿ_ಹೂ (ಕಲಬುರಗಿ)

ಅಕ್ಕಾರ, ಅಣ್ಣಾರ, ಭಾಳ ಉಪಕಾರ ಆಯ್ತು. ಹೋಗಂಗಿಲ್ಲ ಅಂತ ಫೋನ್ ಮಾಡಿ ಹೇಳಿಬಿಟ್ಟೆ. ನೀರಿನ ಮಾತು ಯಾರಾದ್ರೂ ಹೇಳ್ರಿ. ನಮ್ಮ ಕಡಿ ನಳ ದಿನಾ ಬರಲ್ಲ, ಬೋರಿನ ನೀರಿನಾಗ ಸಾಬೂನು ನೊರಿನೇ ಬರಲ್ಲ. ಆರ್.ಓ. ಮಷೀನಿಂದ ಹೊರಗ ಬೀಳೋ ನೀರು ಬಕೆಟ್ ತುಂಬ ಇರ್ತದ, ಅದರಲೆ ತಲಿ ತೊಳದ್ರ ನಡೀತದೇನು?

ಗಂಜ್_ಗಡಿಯಾರ (ಕಲಬುರಗಿ)

ಆರ್.ಓ. ಹೊರಗೆ ಹಾಕುವ ನೀರು ಬೇಡವೇ ಬೇಡ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಬೋರಿನ ನೀರಿಗಿಂತ ಅದು ಹೆಚ್ಚು ಗಡಸು. ನೆಲ ಒರೆಸಲು ಇಟ್ಟುಕೊಳ್ಳಿ.

ನಿಮ್ಮ ಕೇಸರಿ ಬುಡಕ್ಕೆ ನೀರು ಕಾರಣ ಅಲ್ಲ, ಅದು ಬ್ಲೀಚಿನ ಕೆಲಸ. ಆದರೆ ಕೂದಲು ಒರಟಾಗುವುದು, ಹಚ್ಚಿದ ಬಣ್ಣ ಬೇಗ ಮಂಕಾಗುವುದು, ಕಲೆ ಕಲೆಯಾಗಿ ಹಿಡಿಯುವುದು, ಇದಕ್ಕೆಲ್ಲ ಗಡಸು ನೀರು ಸೇರಿಕೊಳ್ಳುತ್ತದೆ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆಯ ಮೇಲೆ ಕೂರುತ್ತವೆ, ಬ್ಲೀಚ್ ಆದ ಕೂದಲಿನ ಮೇಲೆ ಇನ್ನೂ ಹೆಚ್ಚು. ಹಳೇ ಪೈಪಿನ ಕಬ್ಬಿಣ, ತಾಮ್ರ ನೀರಿಗೆ ಇಳಿದಿದ್ದರೆ ಅವು ಪೆರಾಕ್ಸೈಡ್ ಜೊತೆ ಸೇರಿ ಎಳೆಯನ್ನು ಇನ್ನಷ್ಟು ಹಾಳು ಮಾಡುತ್ತವೆ. ಪಾರ್ಲರಿನಲ್ಲೂ ಟ್ಯಾಂಕಿಗೆ ಬರುವುದು ಬಹಳ ಕಡೆ ಬೋರಿನದೇ ನೀರು. ಬಣ್ಣ ಹಚ್ಚುವ ಮೊದಲು ಈ.ಡಿ.ಟಿ.ಎ. ಇರುವ ಕಿಲೇಟಿಂಗ್ ಶಾಂಪೂದಿಂದ (ಎಳೆಗೆ ಕೂತ ಖನಿಜ ಹಿಡಿದು ತೆಗೆಯುವಂಥದ್ದು) ತೊಳೆಯಬೇಕೆನ್ನುವುದು ಅದಕ್ಕೆ. ಈ ಹೆಜ್ಜೆಯನ್ನು ನಮ್ಮ ಕಡೆ ಬಹಳಷ್ಟು ಮಂದಿ ಬಿಟ್ಟೇ ಬಿಡುತ್ತಾರೆ.

ನಿಮಗೆ ಸುಲಭದ ದಾರಿ: ನಳ ಬಂದ ದಿನ ತಲೆ ತೊಳೆಯುವ ಲೆಕ್ಕಕ್ಕೆ ಒಂದು ಕೊಡ ಎತ್ತಿಟ್ಟುಕೊಳ್ಳಿ. ಊರಿಗೆ ಬರುವ ಭೀಮಾ ಮತ್ತು ಬೆಣ್ಣೆತೊರೆ ನೀರು ಬೋರಿಗಿಂತ ಮೃದು. ಅದೂ ಇಲ್ಲದಿದ್ದರೆ ಬೋರಿನ ನೀರಲ್ಲೇ ತೊಳೆದು, ಕೊನೆಯ ಎರಡು ಮಗ್ ಮಾತ್ರ ಆರ್.ಓ. ಕುಡಿಯುವ ನೀರು ಸುರಿದುಕೊಳ್ಳಿ. ನೆತ್ತಿ ವಾಸಿಯಾದ ಮೇಲೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ ಕೊನೆಗೆ ಸುರಿದರೆ ಒರಟು ಕಡಿಮೆಯಾಗುತ್ತದೆ. ಗಾಯ ಇರುವಾಗ ಉರಿಯುತ್ತದೆ, ಈಗ ಬೇಡ. ನಿಂಬೆಹಣ್ಣು ನೇರ ಹಿಂಡುವುದು ಯಾವಾಗಲೂ ಬೇಡ. ಸೀಗೆಪುಡಿಯೂ ಸದ್ಯ ಬೇಡ, ಅದರ ತರಿ ಎಳೆಗೆ ತೊಡರಿ ಬಿಡಿಸುವಾಗ ಕೂದಲು ಹರಿಯುತ್ತದೆ.

ಶಹಾಪುರ_ಬೆಟ್ಟ (ಯಾದಗಿರಿ ಜಿಲ್ಲೆ)

ಹೆಣ್ಣುಮಕ್ಕಳ ಕಲರಿನ ಮಾತಿನ ನಡುವ ಗಂಡುಮಕ್ಕಳ ಕಟಿಂಗ್ ಬಗ್ಗೆ ಎರಡು ಮಾತು, ಇಲ್ಲಿ ಓದೋರಿಗೆ ಕೆಲಸಕ್ಕ ಬರ್ತದ. "ಸ್ವಲ್ಪ ಸಣ್ಣ ಮಾಡ್ರಿ" ಅಂದ್ರ ಅವರ ಸ್ವಲ್ಪ ಬ್ಯಾರೆ, ನಮ್ಮ ಸ್ವಲ್ಪ ಬ್ಯಾರೆ. ಮಷೀನಿನ ನಂಬರಲೆ ಹೇಳ್ರಿ: 1 ಅಂದ್ರ ಸುಮಾರು 3 ಮಿ.ಮೀ., 2 ಅಂದ್ರ 6, 3 ಅಂದ್ರ 10, 4 ಅಂದ್ರ 13. ಮೊದಲ ಸಲ ಹೋದಲ್ಲಿ ಒಂದು ನಂಬರ್ ದೊಡ್ಡದರಿಂದ ಶುರು ಮಾಡಸ್ರಿ, ಇಳಿಸಬಹುದು, ಏರಿಸಲಾಕ ಬರಂಗಿಲ್ಲ. ಗುಂಗುರು ಕೂದಲಿನ ಮುಂಗುರುಳು ಹಸಿ ಇದ್ದಾಗ ಹುಬ್ಬಿನ ಸಮ ಕತ್ತರಿಸಿದ್ರ ಒಣಗಿದ ಮ್ಯಾಲೆ ಅರ್ಧ ಹಣಿಗೆ ಏರ್ತದ. ಒಣಗಿಸಿ ಕತ್ತರಿಸ್ರಿ ಅಂತ ಹೇಳಬೇಕು.

ಬ್ಲೇಡು ಕಣ್ಣ ಮುಂದ ಹೊಸದು ಬಿಚ್ಚಬೇಕು. ಹೆಪಟೈಟಿಸ್ ಬಿ ಒಣಗಿದ ರಕ್ತದಾಗೂ ಒಂದು ವಾರದ ತನಕ ಬದುಕ್ತದ.

ಕಟಿಂಗ್ ಮುಗದ ಮ್ಯಾಲೆ ಕುತ್ತಿಗಿ ಹಿಡದು "ಕಟಕ್" ಅನಸೋ ಮಾಲೀಸ್ ಬ್ಯಾಡ ಅಂತ ಗಟ್ಟಿಯಾಗಿ ಹೇಳ್ರಿ. ಮಿದುಳಿಗೆ ರಕ್ತ ಒಯ್ಯೋ ನಾಳದ ಒಳಪದರ ಹರದು ಲಕ್ವಾ ಹೊಡಿಯೋ ಸಾಧ್ಯತಿ ಅದ. ಬಳ್ಳಾರಿ ಕಡೆಯ ಯುವಕನಿಗೆ ಹಂಗಾದ ಸುದ್ದಿ 2024ರಾಗ ಪತ್ರಿಕೆಯಾಗ ಬಂದಿತ್ತು. ಪಾರ್ಲರಿನ ಬೇಸಿನ್ ಮ್ಯಾಲೆ ಕುತ್ತಿಗಿ ಹಿಂದಕ್ಕ ಬಾಗಿಸಿ ತಲಿ ತೊಳಿಯೋದ್ರಾಗೂ ಈ ಅಪಾಯ ಅದ, 2022ರಾಗ ಹೈದರಾಬಾದಿನಾಗ ಒಬ್ಬ ಹೆಣ್ಣುಮಗಳಿಗೆ ಆಗಿತ್ತು. ಕುತ್ತಿಗಿ ಕೆಳಗ ಟವೆಲ್ ಮಡಚಿ ಇಡಸ್ರಿ, ತಲಿ ತಿರುಗಿದ್ರ ತಕ್ಷಣ ಏಳ್ರಿ.

ನ್ಯಾಯ_ತಕ್ಕಡಿ (ಕಲಬುರಗಿ)

ಹಣದ ಪ್ರಶ್ನೆಗೆ ಉತ್ತರಿಸುತ್ತೇನೆ. ಪಾರ್ಲರ್ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಳಗೆ ಬರುತ್ತದೆ. ಮೆಹಂದಿ ಬಗ್ಗೆ ಕೇಳದೆ, ಪರೀಕ್ಷೆ ಮಾಡದೆ ಬ್ಲೀಚ್ ಹಚ್ಚಿ ನೆತ್ತಿ ಸುಟ್ಟಿರುವುದು ಸೇವೆಯ ಕೊರತೆ. ಬಿಲ್ ಕೊಡದಿರುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ ಇಲ್ಲವೆಂದು ಧೈರ್ಯಗೆಡಬೇಡಿ, ಫೋನ್‌ಪೇ ದಾಖಲೆ ಹಣ ಸಂದಾಯಕ್ಕೆ ಪುರಾವೆಯಾಗುತ್ತದೆ. ಆದರೂ ಈಗ ವಾಟ್ಸಾಪ್‌ನಲ್ಲಿ ಬಿಲ್ ಕೇಳಿ, ಅವರ ಉತ್ತರವೂ ದಾಖಲೆಯೇ. ಬಿಲ್ಲಿನಲ್ಲಿ ಜಿ.ಎಸ್.ಟಿ. ಹಾಕಿದರೆ ದರ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ 18% ಹೋಗಿ 5% ಆಗಿದೆ. ನೋಂದಣಿ ಇಲ್ಲದ ಸಣ್ಣ ಅಂಗಡಿ ಜಿ.ಎಸ್.ಟಿ. ವಸೂಲಿ ಮಾಡುವಂತೆಯೇ ಇಲ್ಲ.

ಎಲ್ಲಕ್ಕಿಂತ ಮುಖ್ಯ ಪುರಾವೆ. ಬೇರೆಯವರ ಕೈಯಲ್ಲಿ ಸರಿ ಮಾಡಿಸುವ ಮೊದಲೇ ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ: ಬುಡ, ನಡು, ತುದಿ, ನೆತ್ತಿಯ ಗಾಯ ಹತ್ತಿರದಿಂದ. ಹರಿದ ಎಳೆಗಳನ್ನು ಒಂದು ಕವರಿನಲ್ಲಿ ಹಾಕಿ ದಿನಾಂಕ ಬರೆದಿಡಿ. ಮೊದಲು ಕೂದಲು ಹೇಗಿತ್ತು ಎನ್ನುವ ಹಳೆಯ ಫೋಟೊವೂ ಬೇಕು. ಡಾಕ್ಟರ್ ಚೀಟಿಯಲ್ಲಿ "ಬ್ಲೀಚ್ ನಂತರ" ಎಂದು ಕಾರಣ ಬರೆಯಲು ಕೇಳಿ. ಮುಂದೆ ಸರಿ ಮಾಡಿಸಿದ ಖರ್ಚಿನ ಬಿಲ್‌ಗಳೂ ಇರಲಿ.

ಪುರಾವೆಯ ಮೇಲೆ ಯಾಕಿಷ್ಟು ಒತ್ತು ಅಂದರೆ, ದಿಲ್ಲಿಯ ಒಂದು ದೊಡ್ಡ ಹೋಟೆಲಿನ ಸಲೂನಿನಲ್ಲಿ ಕೂದಲು ತೀರ ಸಣ್ಣ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ಕೊಡಿಸಿತ್ತು. ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಆ ಮೊತ್ತವನ್ನು ರದ್ದುಮಾಡಿ, ನಷ್ಟಕ್ಕೆ ಸಾಕ್ಷ್ಯ ಬೇಕೆಂದು ಪ್ರಕರಣವನ್ನು ಆಯೋಗಕ್ಕೆ ವಾಪಸ್ ಕಳಿಸಿತು. ಕೊರತೆ ಆಗಿದೆ ಎಂದು ತೋರಿಸಿದರೆ ಸಾಲದು, ಎಷ್ಟು ನಷ್ಟ ಎಂಬುದಕ್ಕೂ ಕಾಗದ ಬೇಕು.

ಮೊದಲು ಪಾರ್ಲರಿಗೆ ಬರವಣಿಗೆಯಲ್ಲಿ ಕೇಳಿ: ಕೊಟ್ಟ ಹಣ, ಚಿಕಿತ್ಸೆಯ ಖರ್ಚು, ಸರಿ ಮಾಡಿಸುವ ಖರ್ಚು, ಉತ್ತರಕ್ಕೆ 15 ದಿನ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಎಷ್ಟೋ ಪ್ರಕರಣ ಇಲ್ಲಿಗೇ ಮುಗಿಯುತ್ತವೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಕನ್ನಡದಲ್ಲೂ ಮಾತನಾಡಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಘಟನೆ ನಡೆದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಅವರು ಪುಕ್ಕಟೆ ಕೆರಾಟಿನ್ ಕೊಡುತ್ತೇವೆಂದು ಮೆಸೇಜ್ ಕಳಿಸಿದ್ದರೆ ಅಳಿಸಬೇಡಿ, ಕೆಲಸ ಕೆಟ್ಟಿದೆ ಎಂದು ಅವರು ಒಪ್ಪಿದ್ದಕ್ಕೆ ಅದೇ ಆಧಾರವಾಗಬಹುದು. ಹಣ ವಾಪಸ್ ಕೊಟ್ಟು ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ "ಇನ್ನು ಯಾವ ತಕರಾರೂ ಇಲ್ಲ" ಎಂಬ ಸಾಲು ಇದೆಯೇ ಓದಿ ನೋಡಿ.

ತೊಗರಿ_ಹೂ (ಕಲಬುರಗಿ)

ಫೋಟೊ ಎಲ್ಲಾ ತಗದಿಟ್ಟೀನ್ರಿ. ಕೊನಿಗೊಂದು ಮಾತು ಅಕ್ಕಾರ. ಲಗ್ನದ ದಿನ ಜಡಿ ಹಾಕ್ಲೋ, ತುರುಬು ಕಟ್ಲೋ? ಹೂವಿನ ಜಡಿ ಬೇಕೇ ಬೇಕು ಅಂತ ಮನ್ಯಾಗ ಹಟ ಮಾಡ್ಲತ್ತಾರ.

ಮಾಂಜ್ರಾ_ದಂಡೆ (ಬೀದರ್)

ಸಡಿಲ ಜಡೆ ಹಾಕಿ ಅದನ್ನೇ ತಗ್ಗಿನಲ್ಲಿ ಸುತ್ತಿ ತುರುಬು ಮಾಡಿಸಿ, ಹರಿದ ತುದಿಗಳು ಒಳಗೆ ಅಡಗುತ್ತವೆ. ತುರುಬು ಎತ್ತರಿಸಲು ಹಿಂದಕ್ಕೆ ಬಾಚುವ ಬ್ಯಾಕ್ ಕೋಂಬಿಂಗ್ ಮಾಡಿಸಬೇಡಿ, ಬೇಕಾದರೆ ಒಳಗೆ ಸ್ಪಂಜಿನ ಡೋನಟ್ ಇಡಲಿ. ಪೂರ್ತಿ ಹೂವಿನ ಜಡೆ ಒದ್ದೆ ಹೂವಿನಿಂದ ಭಾರವಾಗುತ್ತದೆ, ಆ ಭಾರ ಬೀಳುವುದು ಹದಗೆಟ್ಟ ಬುಡದ ಮೇಲೆಯೇ. ಮಲ್ಲಿಗೆ ದಂಡೆ ತುರುಬಿನ ಸುತ್ತ ಒಂದೇ ಸುತ್ತು ಹಾಕಿ ಯು ಪಿನ್ನಿನಿಂದ ಸಿಕ್ಕಿಸಿದರೆ ನೋಡಲಿಕ್ಕೂ ತುಂಬಿದಂತೆ ಇರುತ್ತದೆ. ತುದಿಗೆ ಗುಂಡು ಇರುವ ಪಿನ್ನೇ ತನ್ನಿ, ಗುಂಡು ಉದುರಿದ ಪಿನ್ನು ಎಳೆ ಕತ್ತರಿಸುತ್ತದೆ. ಕ್ಲಿಪ್ ಹಾಕುವ ಸವರಿ ಬೇಡ. ಸ್ಪ್ರೇ ಹೊಡೆಸಿದ್ದರೆ ರಾತ್ರಿ ಹಾಗೇ ಬಾಚಬೇಡಿ, ಮೊದಲು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕಂಡೀಷನರ್ ಹಚ್ಚಿ ಬೆರಳಿನಿಂದ ಬಿಡಿಸಿ, ಆಮೇಲೆ ಬಾಚಣಿಗೆ. ಮುಂಚಿನ ದಿನ ತೊಳೆದು ಪೂರ್ತಿ ಒಣಗಿಸಿಟ್ಟರೆ ಕಟ್ಟುವವರ ಕೈಗೂ ಸುಲಭ.